ಬವೇರಿಯಾದ ನಾಲ್ಕನೇ ಕ್ಲಾಸು ಮತ್ತು 2.33ರ ಲೆಕ್ಕ

ಬೆಂಗಳೂರಿನಿಂದ ಮ್ಯೂನಿಕ್‌ಗೆ ಕೆಲಸದ ಮೇಲೆ ಹೊರಡುವವರು ವೀಸಾ, ಮನೆ ಬಾಡಿಗೆ ಎಲ್ಲ ವಿಚಾರಿಸುತ್ತಾರೆ. ಮಗು ಎಷ್ಟನೇ ಕ್ಲಾಸಿಗೆ ಸೇರುತ್ತದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಎರಡನೇ ಕ್ಲಾಸಿಗೆ ಸೇರುವುದಕ್ಕೂ ನಾಲ್ಕನೇ ಕ್ಲಾಸಿನ ನಡುವೆ ಸೇರುವುದಕ್ಕೂ ಅಲ್ಲಿ ಅಜಗಜಾಂತರ.

ನಮ್ಮಲ್ಲಿ ಸೈನ್ಸೋ ಕಾಮರ್ಸೋ ಎಂಬ ಪ್ರಶ್ನೆ ಬರುವುದು ಎಸ್ಸೆಸ್ಸೆಲ್ಸಿ ಆದಮೇಲೆ. ಮ್ಯೂನಿಕ್ ಇರುವ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ದಾರಿ ಕವಲೊಡೆಯುತ್ತದೆ: ನೇರ ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಗಿಮ್ನಾಸಿಯುಮ್, ಹತ್ತನೇ ಕ್ಲಾಸಿನವರೆಗಿನ ಮಧ್ಯಮ ಹಂತದ ರಿಯಾಲ್‌ಶೂಲೆ, ಹೆಚ್ಚಾಗಿ ವೃತ್ತಿ ತರಬೇತಿಯತ್ತ ಒಯ್ಯುವ ಮಿಟೆಲ್‌ಶೂಲೆ. (ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆಯೇ ಆರು ವರ್ಷ, ರಾಜ್ಯಕ್ಕೊಂದು ನಿಯಮ.)

ತೀರ್ಮಾನವಾಗುವುದು ಮೂರು ವಿಷಯಗಳ ಸರಾಸರಿಯಿಂದ: ಜರ್ಮನ್, ಗಣಿತ, ಮತ್ತು ನಮ್ಮ ಪರಿಸರ ಅಧ್ಯಯನವನ್ನು ಹೋಲುವ ಎಚ್‌ಎಸ್‌ಯು. ಅಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. ಸರಾಸರಿ 2.33ರೊಳಗಿದ್ದರೆ ಗಿಮ್ನಾಸಿಯುಮ್, 2.66ರೊಳಗಿದ್ದರೆ ರಿಯಾಲ್‌ಶೂಲೆ. ಗಣಿತದಲ್ಲಿ 1, ಉಳಿದೆರಡರಲ್ಲಿ 3 ಬಂದರೆ ಒಟ್ಟು 7, ಸರಾಸರಿ 2.33, ಗಿಮ್ನಾಸಿಯುಮ್ ಸಿಕ್ಕಿತು. ಜರ್ಮನ್ 4ಕ್ಕೆ ಇಳಿದರೆ ಒಟ್ಟು 8, ಕೈತಪ್ಪಿತು. ನಮ್ಮ ಮಕ್ಕಳು ಎಡವುವುದು ಇಲ್ಲೇ. ಗಣಿತದಲ್ಲಿ ಚುರುಕಾಗಿರುತ್ತಾರೆ, ಆದರೆ ಎಚ್‌ಎಸ್‌ಯು ಉತ್ತರವನ್ನೂ ಜರ್ಮನ್ನಿನಲ್ಲೇ ಬರೆಯಬೇಕು. ಅಂದರೆ ಭಾಷೆಯ ಕೊರತೆ ಎರಡು ಕಡೆ ಪೆಟ್ಟು ಕೊಡುತ್ತದೆ.

ಇದಕ್ಕೊಂದು ಪರಿಹಾರ ನಿಯಮದಲ್ಲೇ ಇದೆ. ಮಾತೃಭಾಷೆ ಜರ್ಮನ್ ಅಲ್ಲದ, ಒಂದನೇ ಕ್ಲಾಸಿನಿಂದ ಜರ್ಮನ್ ಶಾಲೆಯಲ್ಲಿ ಓದಿರದ ಮಗುವಿಗೆ ಸರಾಸರಿ 3.33ರವರೆಗೆ ಇದ್ದರೂ ಅರ್ಹತೆ ಕೊಡಬಹುದು. ಕೊರತೆ ಭಾಷೆಯದಷ್ಟೇ, ಮುಂದೆ ಸರಿಹೋಗುತ್ತದೆ ಎಂದು ಶಾಲೆಗೆ ಅನ್ನಿಸಬೇಕು. ಹಾಗಾಗಿ ಮಗು ಯಾವ ಶಾಲೆಗೆ ಅರ್ಹ ಎಂದು ಹೇಳುವ ಮೇ ತಿಂಗಳ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯಬೇಡಿ. ಕ್ಲಾಸ್ ಟೀಚರ್ ಜೊತೆ ಜನವರಿಯಲ್ಲೇ ಈ ಮಾತು ಎತ್ತಿ.

ಅದೂ ಆಗದಿದ್ದರೆ ಮಗುವನ್ನು ಪಾಠದಲ್ಲಿ ಕೂರಿಸಿ ಪರೀಕ್ಷಿಸುವ ಮೂರು ದಿನದ ಪ್ರೋಬೆ‌ಉಂಟರ್‌ರಿಖ್ಟ್ ಇದೆ, ಜರ್ಮನ್ ಮತ್ತು ಗಣಿತದಲ್ಲಿ ಮಾತ್ರ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಪಾಸು. ಎರಡರಲ್ಲೂ 4 ಬಂದರೆ ಸೇರಿಸುವುದೋ ಬಿಡುವುದೋ ಅಪ್ಪ ಅಮ್ಮನ ಇಷ್ಟ.

ರಿಯಾಲ್‌ಶೂಲೆ ಸಿಕ್ಕಿತೆಂದು ದಯವಿಟ್ಟು ಮಗುವಿನ ಮುಂದೆ ಮುಖ ಸಣ್ಣ ಮಾಡಬೇಡಿ. ಹತ್ತನೇ ಕ್ಲಾಸಾದ ಮೇಲೆ, ಓದಿನ ಜೊತೆ ವೃತ್ತಿಯ ಅನುಭವವನ್ನೂ ಕೊಡುವ ಶಾಲೆಯಾದ ಎಫ್‌ಒಎಸ್ ಸೇರಿ 12ನೇ ಕ್ಲಾಸು ಮುಗಿಸಿದರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತದೆ. ಎರಡನೇ ವಿದೇಶಿ ಭಾಷೆಯೊಂದಿಗೆ 13ನ್ನೂ ಮುಗಿಸಿದರೆ, ಗಿಮ್ನಾಸಿಯುಮ್ ಮಕ್ಕಳು ಪಡೆಯುವಂಥದೇ ವಿಶ್ವವಿದ್ಯಾಲಯ ಪ್ರವೇಶದ ಅರ್ಹತೆ ಇವರಿಗೂ ಸಿಗುತ್ತದೆ.