ಅಗ್ನಿಶಿಖೆಯ ಮೂಲೆ ಖಾಲಿಯಾಗುತ್ತಿರುವ ಲೆಕ್ಕ

ಸೆಪ್ಟೆಂಬರ್

ಹಿತ್ತಿಲ ಬೇಲಿಯ ಮೂಲೆಯಲ್ಲಿ ಅಗ್ನಿಶಿಖೆ ಈ ವರ್ಷ 11 ಕಡೆ ಚಿಗುರಿ, ಎಲೆಯ ತುದಿಯನ್ನೇ ಸುರುಳಿಯಾಗಿಸಿ ತಂತಿಗೆ ಸುತ್ತಿಕೊಂಡು ಹತ್ತಿದೆ. ತಂಗಿಯ ಎರಡು ವರ್ಷದ ಮಗಳು ಬೇಸಿಗೆಯಲ್ಲಿ ಇಲ್ಲಿಗೆ ಬರಲಿದ್ದಾಳೆ. ಮನೆಗೆ ಹೊಸದಾಗಿ ಬಂದಿರುವ ನಾಯಿಮರಿಗೆ ನೆಲ ಕೆದಕುವುದೇ ಕಸುಬು. ಆದ್ದರಿಂದ ಬಳ್ಳಿಯನ್ನು ತೆಗೆಯಲು ನಿರ್ಧರಿಸಿದ್ದೆ. ಆದರೆ ಅಮ್ಮನಿಗೆ ಇದು ಗೌರಿ ಹೂ. ಹಬ್ಬ ಮುಗಿಯುವವರೆಗೆ ಮುಟ್ಟಕೂಡದೆಂದು ಹೇಳಿದರು.

ಗಿಡದ ಎಲ್ಲ ಭಾಗಗಳಲ್ಲಿಯೂ ಕಾಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ಮತ್ತು ಬೀಜಗಳಲ್ಲಂತೂ ಹೆಚ್ಚು. ಬೇಯಿಸಿದರೂ ಅದು ನಾಶವಾಗುವುದಿಲ್ಲ. ಗೆಣಸೆಂದು ತಪ್ಪು ತಿಳಿದು ಗಡ್ಡೆಯನ್ನು ತಿಂದು ಜನರು ಸತ್ತಿರುವುದುಂಟು. ವಾಂತಿ ಭೇದಿಗಳು ಕೆಲವು ಗಂಟೆ ತಡವಾಗಿ ಶುರುವಾಗುವುದರಿಂದ, ಮಗುವೋ ನಾಯಿಯೋ ಕಚ್ಚಿತೆಂಬ ಅನುಮಾನ ಬಂದರೂ ಲಕ್ಷಣಗಳಿಗಾಗಿ ಕಾಯದೆ, ಗಿಡದ ತುಂಡೊಂದನ್ನು ಜೊತೆಗಿಟ್ಟುಕೊಂಡು ವೈದ್ಯರ ಬಳಿಗೆ ಹೊರಡಬೇಕು.

ನವೆಂಬರ್

ಬಳ್ಳಿ ಒಣಗತೊಡಗಿದೆ. ಇನ್ನು ಕೆಲವು ದಿನಗಳಲ್ಲಿ ಕಾಂಡ ಕಳಚಿ ಹೋಗಿ, ಗಡ್ಡೆ ಎಲ್ಲಿದೆಯೆಂಬ ಗುರುತೇ ಉಳಿಯುವುದಿಲ್ಲ. ಹಾಗಾಗಿ 11 ಕಾಂಡಗಳ ಬುಡಕ್ಕೂ ಬಿದಿರಿನ ಗೂಟ ನೆಟ್ಟೆ. ಇಡೀ ಕೆಲಸದಲ್ಲಿ ನನಗೆ ಹೊಳೆದ ಬುದ್ಧಿವಂತಿಕೆ ಇದೊಂದೇ. ಬಲಿತ ಕಾಯಿಗಳನ್ನು ಒಡೆದು ಕೆಂಪು ಬೀಜ ಚೆಲ್ಲುವ ಮೊದಲೇ ಕೊಯ್ದೆ.

ಜನವರಿ

ಕೈಗವಸು ಹಾಕಿಕೊಂಡು ಮೂರು ಭಾನುವಾರ ಅಗೆದೆ. 17 ಗಡ್ಡೆಗಳು ಸಿಕ್ಕವು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ, ಅಂದರೆ ನೇಗಿಲಿನಂಥದ್ದು, ಎಂಬ ಹೆಸರೇಕೆ ಬಂತೆಂಬುದು ಅವುಗಳ ಕವಲೊಡೆದ ಆಕಾರ ನೋಡಿದಾಗ ಅರ್ಥವಾಯಿತು. ತೊಂದರೆಯಿರುವುದೂ ಆ ಆಕಾರದಲ್ಲಿಯೇ: ಗುದ್ದಲಿ ತಗುಲಿದರೆ ಕವಲು ಪಟ್ಟನೆ ಮುರಿಯುತ್ತದೆ, ಮೊಳಕೆ ಕಣ್ಣಿರುವುದು ಕವಲಿನ ತುದಿಯಲ್ಲಿ ಮಾತ್ರ. ಕಣ್ಣಿಲ್ಲದ ತುಂಡು ಎಂದೂ ಚಿಗುರುವುದಿಲ್ಲ, ಆದರೆ ಅದರ ವಿಷ ಹಾಗೆಯೇ ಇರುತ್ತದೆ. ಚಿಗುರು ಕಾಣಲಿಲ್ಲವೆಂದು ನೆಲ ಶುದ್ಧವಾಯಿತೆಂದುಕೊಳ್ಳುವಂತಿಲ್ಲ. ಆದ್ದರಿಂದ ಅಗೆದ ಮಣ್ಣನ್ನೆಲ್ಲ ಮರಳು ಜರಡಿಯಲ್ಲಿ ಸೋಸಿದೆ. ಬೆರಳ ಗಾತ್ರದ ಒಂಬತ್ತು ತುಂಡುಗಳು ಹೊರಬಿದ್ದವು. ದನಗಳಿಗೂ ಇದು ವಿಷವಾದ್ದರಿಂದ ಯಾವುದನ್ನೂ ಗೊಬ್ಬರದ ಗುಂಡಿಗೆ ಹಾಕಲಿಲ್ಲ.

ಮೂರು ಗಡ್ಡೆಗಳನ್ನು ಅಮ್ಮನಿಗಾಗಿ ಉಳಿಸಿದ್ದೇನೆ. ಬೀಗ ಹಾಕುವ ತಾರಸಿಯ ಮೇಲೆ, ಸಿಮೆಂಟಿನ ಕುಂಡದಲ್ಲಿ ನೆಟ್ಟು, ಮಣ್ಣಿನ ಮೇಲೆ ಕಬ್ಬಿಣದ ಜಾಲರಿ ಬಿಗಿದಿದ್ದೇನೆ. ಕಾಂಡ ಅದರ ಸಂದಿಯಿಂದ ಮೇಲೇಳಬಹುದು, ಪಂಜ ಒಳಹೋಗಲಾರದು.

ಮಾರ್ಚ್

ಬೇಲಿಗೆ ಶಂಖಪುಷ್ಪ ಹಬ್ಬಿಸುವ ಯೋಚನೆಯಿತ್ತು. ಅದರ ಹೂವಿನಿಂದ ಜನ ಪಾನಕ ಮಾಡುತ್ತಾರೆ, ನಿಜ. ಆದರೆ ಬೀಜ ಮತ್ತು ಬೇರು ಭೇದಿ ಮಾಡಿಸುತ್ತವೆ, ಅವರೆಯಂತೆ ಕಾಣುವ ಕಾಯಿಗಳು ಮಗುವಿನ ಕೈಗೆಟುಕುವ ಎತ್ತರದಲ್ಲಿಯೇ ತೂಗುತ್ತವೆ. ಕೊನೆಗೆ ಜಾಜಿಯನ್ನು ನೆಟ್ಟೆ. ನಿಜವಾದ ಮಲ್ಲಿಗೆ ಜಾತಿಗಳು ನಾಯಿ ಬೆಕ್ಕುಗಳಿಗೆ ವಿಷಕಾರಿಯಲ್ಲ. ಎರಡು ಸಸಿಗಳಲ್ಲಿ ಒಂದು ಹಿಡಿದಿದೆ, ಇನ್ನೊಂದನ್ನು ನಾಯಿಮರಿಯೇ ಕಿತ್ತು ಹಾಕಿದೆ.

ಗೂಟಗಳನ್ನು ಇನ್ನೂ ತೆಗೆದಿಲ್ಲ. ಜೂನ್ ಮಳೆಯ ನಂತರ ಯಾವ ಗೂಟದ ಬಳಿಯಾದರೂ ಚಿಗುರು ಕಂಡರೆ ಅಲ್ಲಿ ಮತ್ತೆ ಅಗೆದು ಸೋಸಬೇಕಾಗಿದೆ. ಅಲ್ಲಿಯವರೆಗೆ ಆ ಮೂಲೆಗೆ ಅಡ್ಡಲಾಗಿ ಕಟ್ಟಿದ ಬಲೆ ಹಾಗೆಯೇ ಇರುತ್ತದೆ.