ಕತ್ತಿ ಕೆಂಪಾದರೆ ಸುಣ್ಣ ಸಾಲದು

ಅಕ್ಕ ಮಗನನ್ನು ನಮ್ಮ ಮನೆಗೆ ಕಳಿಸಿದ್ದು ಮೇ ಕೊನೆಯಲ್ಲಿ. ಫಸ್ಟ್ ಪಿಯುಸಿ ಹೇಗೋ ಮುಗಿಸಿದ್ದ, ಹಾಸ್ಟೆಲಿಗೆ ವಾಪಸ್ ಹೋಗಲ್ಲ ಅಂತ ಕೂತಿದ್ದ. "ನಿನ್ನ ಮಾತಾದ್ರೂ ಕೇಳ್ತಾನೇನೋ ನೋಡು" ಅಂದಿದ್ದಳು ಅಕ್ಕ. ನನ್ನನ್ನು ಕೆಡಿಸಿದ್ದು ಆ ಮಾತೇ. ಹುಡುಗ ಬಂದಿರುವುದು ನನ್ನ ಮಾತು ಕೇಳಲಿಕ್ಕೆ ಅಂತಲೇ ತಿಳಿದೆ.

ಮೊದಲ ವಾರ ಪೂರ್ತಿ ಮಾತಾಡಿದೆ. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋಗಿದ್ದು, ಚಿಮಣಿ ಬುಡ್ಡಿ ಬೆಳಕಲ್ಲಿ ಓದಿದ್ದು, ಕೆಳಗಿನ ಮನೆ ಹುಡುಗ ಮೆಡಿಕಲ್ ಸೇರಿದ್ದು, ಎಲ್ಲ ಆಯಿತು. ಚಿಮಣಿಯ ಕಥೆಯಲ್ಲಿ ಅರ್ಧ ಸುಳ್ಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ನಮ್ಮನೆಗೆ ಕರೆಂಟು ಬಂದಿತ್ತು. ಅವನು ಎಲ್ಲದಕ್ಕೂ "ಹ್ಞೂಂ ಮಾವ" ಅನ್ನುತ್ತಿದ್ದ. ಹನ್ನೊಂದಕ್ಕೆ ಎದ್ದು, ಒಂದು ದೋಸೆ ತಿಂದು, ಜಗಲಿ ಮೂಲೆಯ ಮಂಚದಲ್ಲಿ ಗೋಡೆಗೆ ಮುಖ ಹಾಕಿ ಮತ್ತೆ ಮಲಗುತ್ತಿದ್ದ. ಮೊದಲೆಲ್ಲ ತೀರ್ಥಹಳ್ಳಿಗೆ ಬಂದರೆ ಹೊಳೆ ಬಿಟ್ಟು ಮೇಲೆ ಬಾರದ ಹುಡುಗ ಇವನು.

ಒಂದು ರಾತ್ರಿ ನನ್ನ ಹೆಂಡತಿ ಕೇಳಿದಳು, "ಇಷ್ಟು ದಿನದಲ್ಲಿ ಅವನಿಗೆ ಎಂತ ಆಗ್ತಿದೆ ಅಂತ ಒಂದ್ಸಲನಾದ್ರೂ ಕೇಳಿದ್ರಾ?" ಕೇಳಿರಲಿಲ್ಲ.

ಜೂನ್ ಬಂತು. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಮೊದಲ ಸಲದ ಔಷಧಿ ಬೀಳಬೇಕು. ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ಹತ್ತಿದರೆ ಎಳೆಕಾಯಿ ಉದುರಿ ವರ್ಷದ ದುಡಿಮೆಯೇ ಮರದ ಬುಡದಲ್ಲಿ ಬಿದ್ದಿರುತ್ತದೆ. ಆ ದಿನ ಔಷಧಿ ಹೊಡೆಯುವವರು ಏಳು ಗಂಟೆಗೇ ದೋಟಿ, ಪೈಪು ಹೊತ್ತು ಬಂದರು. ದ್ರಾವಣ ಕಲಸುವವನು ಬರಲಿಲ್ಲ, ಮಗಳಿಗೆ ಜ್ವರವಂತೆ. ನನಗೋ ಬಲಗೈ ಉಳುಕಿ ಕೊಡಪಾನ ಎತ್ತಲಿಕ್ಕೂ ಆಗುತ್ತಿರಲಿಲ್ಲ.

ಮಂಚದ ಹತ್ತಿರ ಹೋಗಿ, "ಅಪ್ಪಿ, ಏಳಾ. ನಂಗೆ ಕೈ ಆಗ್ತಿಲ್ಲ ಮಾರಾಯ" ಅಂದೆ. ಅವನನ್ನು ಎಬ್ಬಿಸುವ ಉಪಾಯವಲ್ಲ ಅದು, ನಿಜವಾಗಿಯೂ ಆಗುತ್ತಿರಲಿಲ್ಲ. ಒಂದು ನಿಮಿಷ ಹಾಗೇ ಇದ್ದ. ಆಮೇಲೆ ಎದ್ದು ಲುಂಗಿ ಕಟ್ಟಿಕೊಂಡ.

ನೂರು ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಗಂಟು ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಬಿಟ್ಟಿದ್ದೆ. ಅದನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕೋಲಾಡಿಸಬೇಕು, ಸುಣ್ಣವನ್ನು ಅದಕ್ಕೆ ಸುರಿಯಬಾರದು. ಕೊನೆಗೆ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡುವುದು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ.

ಕೆಂಪಾಯಿತು. "ನೋಡು, ತುಕ್ಕು ಹಿಡೀತು" ಅಂದೆ.

"ತುಕ್ಕಲ್ಲ ಮಾವ, ಅದು ತಾಮ್ರ. ಮೈಲುತುತ್ತದಲ್ಲಿರೋ ತಾಮ್ರದ ಜಾಗಕ್ಕೆ ಕಬ್ಬಿಣ ಹೋಗುತ್ತೆ, ತಾಮ್ರ ಹೊರಗೆ ಬಂದು ಕತ್ತಿಗೆ ಕೂರುತ್ತೆ. ಟೆಂತಲ್ಲೇ ಇತ್ತು."

ಇಪ್ಪತ್ತೈದು ವರ್ಷ ಕತ್ತಿ ಅದ್ದಿದವನು ನಾನು, ನನಗೆ ಗೊತ್ತಿರಲಿಲ್ಲ. ಆ ಕ್ಷಣ ಅವನ ಕಣ್ಣು ಮಿಂಚಿತು ಅಂತ ಬರೆಯಲಿಕ್ಕೆ ಆಸೆ. ಹಾಗೇನೂ ಆಗಲಿಲ್ಲ. ಇನ್ನಷ್ಟು ಸುಣ್ಣ ಕಲಸಿ ಹಾಕಿದ, ಕತ್ತಿ ಉಜ್ಜಿ ಮತ್ತೆ ಅದ್ದಿದ, ಅಷ್ಟೆ. ಆದರೆ ಮಧ್ಯಾಹ್ನದವರೆಗೆ ಒಬ್ಬನೇ ಡ್ರಮ್ಮಿನ ಮೇಲೆ ಡ್ರಮ್ಮು ಕಲಸಿದ. ಔಷಧಿಯವರು ತೋಟದೊಳಗಿಂದ ಕೂಗಿದಾಗ "ಬಂತು, ಬಂತು" ಅಂತ ಓಡುತ್ತಿದ್ದ. ಮೈಕೈಯೆಲ್ಲ ನೀಲಿ.

ಊಟಕ್ಕೆ ಮುಂಚೆ ಬಸಿಗಾಲುವೆ ದಂಡೆಯಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿದ್ದೆವು. ನನಗೆ ನಾಲಿಗೆ ತುರಿಸುತ್ತಿತ್ತು. ಇಷ್ಟು ಗೊತ್ತಿರುವವನು ಓದಲಿಕ್ಕೇನು ಅನ್ನುವ ಮಾತು ಗಂಟಲಿಗೇ ಬಂದಿತ್ತು. ಹೆಂಡತಿಯ ನೆನಪಾಗಿ ನುಂಗಿಕೊಂಡೆ. ಸುಮಾರು ಹೊತ್ತಿನ ಮೇಲೆ ಅವನೇ ಶುರು ಮಾಡಿದ.

ಟೆಂತಲ್ಲಿ ಶಾಲೆಗೇ ಮೊದಲಿಗ. ಆ ಕಾಲೇಜಿನಲ್ಲಿ ಎಲ್ಲರೂ ಅವರವರ ಶಾಲೆಯ ಮೊದಲಿಗರೇ. ವಾರವಾರ ಟೆಸ್ಟು, ಅಂಕ ನೋಡಿ ಸೆಕ್ಷನ್ ಬದಲು. ಎರಡು ಸಲ ಕೆಳಗಿನ ಸೆಕ್ಷನ್ನಿಗೆ ಹಾಕಿದರಂತೆ. ಮೂರನೇ ಸಲದಿಂದ ಪುಸ್ತಕ ಮುಟ್ಟಲಿಲ್ಲ. "ಓದಿ ಕಮ್ಮಿ ಬಂದ್ರೆ ದಡ್ಡ ಅಂತಾರೆ ಮಾವ. ಓದದೆ ಕಮ್ಮಿ ಬಂದ್ರೆ ಸೋಮಾರಿ ಅಂತಾರೆ. ಸೋಮಾರಿ ಅನ್ನಿಸ್ಕೊಳ್ಳೋದೇ ವಾಸಿ ಅಲ್ವಾ?"

ನಾವೆಲ್ಲ ಅಂದದ್ದೂ ಅದನ್ನೇ. ಅವನು ಹುಡುಕಿಕೊಂಡ ಮರೆಗೆ ನಾವೇ ಸೋಗೆ ಹೊದೆಸಿದ್ದೆವು.

ಹಾಸ್ಟೆಲಿನಲ್ಲಿ ಮಲಗುವುದು ಹನ್ನೊಂದೂವರೆ, ಎಬ್ಬಿಸುವುದು ಐದಕ್ಕೆ. ಡಿಸೆಂಬರಿನಿಂದಲೇ ಊಟ ಸೇರುತ್ತಿರಲಿಲ್ಲ. ಅದನ್ನು ಕೇಳಿ ಹೆದರಿಕೆಯಾಯಿತು. ಸಾಯಬೇಕು ಅನ್ನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ಕಲ್ಪನೆ. "ಸಾಯೋದಲ್ಲ... ಬೆಳಗಾಗದೇ ಇದ್ರೆ ಸಾಕಿತ್ತು ಅನ್ಸೋದು" ಅಂದ. ಆ ರಾತ್ರಿಯೇ ಟೆಲಿ ಮನಸ್ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ, ಊಟ, ಎಷ್ಟು ದಿನದಿಂದ ಹೀಗೆ ಅಂತ ವಿಚಾರಿಸಿ, ತಡ ಮಾಡದೆ ಡಾಕ್ಟರಿಗೆ ತೋರಿಸಿ ಅಂದರು. ಅದೇ ವಾರ ಶಿವಮೊಗ್ಗದಲ್ಲಿ ತೋರಿಸಿದೆವು. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ನಿದ್ದೆ ಹತ್ತುವ ಹೊತ್ತೂ ತಡವಾಗುತ್ತದೆ ಅಂತ ಡಾಕ್ಟರು ಹೇಳಿದಾಗ, ಹನ್ನೊಂದಕ್ಕೆ ಏಳುವವನಿಗೆ ಸುಪ್ರಭಾತ ಹಾಡಿದ್ದ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಪುಸ್ತಕ ತೆಗೆದ್ನಾ?" "ಎರಡು ಸಲ ಅನ್ನ ಹಾಕಿಸ್ಕೊಂಡ" ಅಂದೆ. ಅವಳು ಸುಮ್ಮನಾದಳು.

ಔಷಧಿ ಹೊಡೆಸಿದ ಮಾರನೇ ಬೆಳಿಗ್ಗೆ ಮೊಬೈಲ್ ಹಿಡಿದು ಅಡುಗೆಮನೆಗೇ ಬಂದಿದ್ದ. "ಮಾವ, ಫ್ರಾನ್ಸಲ್ಲಿ ರಸ್ತೆ ಬದಿ ದ್ರಾಕ್ಷಿ ಯಾರೂ ಕದೀಬಾರ್ದು ಅಂತ ಈ ಮೈಲುತುತ್ತ-ಸುಣ್ಣಾನ ಬಳೀತಿದ್ರಂತೆ. ಬಳಿದ ಬಳ್ಳಿಗೆ ರೋಗ ಬರ್ಲಿಲ್ಲ ಅಂತ ಒಬ್ಬ ಗಮನಿಸಿದ್ನಂತೆ." 1885ರ ಸುಮಾರಿಗೆ ಅದನ್ನು ಔಷಧಿ ಅಂತ ತೋರಿಸಿದವನು ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ. ನಮ್ಮ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕಾಲದಲ್ಲಿ ಕೂತು ಅಭ್ಯಾಸ ಮಾಡಿದವರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೋಲ್ಮನ್ ಹೆಸರು ನನಗೂ ಗೊತ್ತಿತ್ತು, ಕಳ್ಳರ ವಿಷಯ ಗೊತ್ತಿರಲಿಲ್ಲ. ಹೆಂಡತಿ ಮಾತ್ರ, "ನಮ್ ತೋಟದಲ್ಲಿ ಔಷಧಿ ಹೊಡೆದ್ರೂ ಕದಿಯೋರು ಕದೀತಾರೆ" ಅಂದಳು. ಹುಡುಗ ನಕ್ಕ.

ಹಾಸ್ಟೆಲ್ ಬಿಡಿಸಿದೆವು. ಕಟ್ಟಿದ ಫೀಸು ಬರಲಿಲ್ಲ, ಭಾವ ಇನ್ನೂ ಗೊಣಗುತ್ತಾನೆ. ಈಗ ಶಿವಮೊಗ್ಗದಲ್ಲಿ ಮನೆಯಿಂದಲೇ ಕಾಲೇಜಿಗೆ ಹೋಗುವುದು ಅಂತ ಆಗಿದೆ. ನೀಟ್ ಬರೆಯುತ್ತಾನೋ ಇಲ್ಲವೋ, ಯಾರೂ ಕೇಳುತ್ತಿಲ್ಲ. ಕೇಳದೆ ಇರಲಿಕ್ಕೆ ಅಕ್ಕ ಪಡುತ್ತಿರುವ ಕಷ್ಟ ನನಗೆ ಗೊತ್ತು.

ಹೊರಟ ದಿನ ಮಳೆ ಚೆನ್ನಾಗಿ ಹಿಡಿದಿತ್ತು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗ ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಾವ, ಚೆನ್ನಾಗಿ ಓದು ಅಂತ ಮಾತ್ರ ಹೇಳ್ಬೇಡ."

ಬಾಯಿ ತೆರೆದಾಗಿತ್ತು. "ಕೋಡುಬಳೆ ಮೆತ್ತಗಾಗುತ್ತೆ, ಬೇಗ ತಿನ್ನು" ಅಂದೆ.