ರೂಲ್ 5 ಲೆಕ್ಕ: ಹಳೆಯ ನವೆಂಬರ್‌ಗಳನ್ನು ಮತ್ತೆ ತೆರೆದು ನೋಡುತ್ತಾ

ಬೇಸ್‌ಬಾಲ್‌ನ ಮೈನರ್ ಲೀಗ್ (ಮೇಜರ್ ಲೀಗ್‌ಗೆ ಕೆಳಗಿನ ಹಂತ) ಹುಡುಗರನ್ನು ಅಳೆಯುವ ನನ್ನ ಶೀಟ್ ಈ ಚಳಿಗಾಲದಲ್ಲಿ ಒಂದು ಹಂತಕ್ಕೆ ಬಂದಿದೆ. ಕೆಲಸ ಹೀಗಿದೆ. ಹಳೆಯ ಒಂದು ನವೆಂಬರ್ ತೆಗೆದುಕೊಳ್ಳುತ್ತೇನೆ. ಅಂದು ಕ್ಲಬ್‌ನವರಿಗೆ ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬಹುದು ಎಂದು ಬರೆದಿಡುತ್ತೇನೆ. ಆಮೇಲೆ ನಿಜಕ್ಕೂ ಏನಾಯಿತು ಎಂದು ನೋಡುತ್ತೇನೆ. ಹೆಸರು ಕಂಡರೆ ಮುಂದಿನ ಕಥೆ ನೆನಪಾಗಿಬಿಡುತ್ತದೆ, ಅಲ್ವಾ? ಅದಕ್ಕೇ ಗೆಳೆಯನೊಬ್ಬ ಹೆಸರು, ಕ್ಲಬ್ಬು ಎರಡನ್ನೂ ಅಳಿಸಿ ಸಾಲುಗಳನ್ನು ಕಳಿಸುತ್ತಾನೆ. ಅವನ ಈ ಸಹಾಯ ಇಲ್ಲದಿದ್ದರೆ ಲೆಕ್ಕಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ನಿಯಮ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೇಜರ್ ಲೀಗ್‌ನ ಪ್ರತಿ ಕ್ಲಬ್‌ಗೂ 40 ಜನರ ಪಟ್ಟಿ ಇರುತ್ತದೆ. ಅವರಲ್ಲಿ 26 ಮಂದಿ ಪಂದ್ಯಕ್ಕೆ ಸಿದ್ಧವಿರುವವರು. 18 ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿಗೆ ಸಹಿ ಹಾಕಿದ ಹುಡುಗನಿಗೆ ಐದು ಸೀಸನ್, 19 ತುಂಬಿದ ಮೇಲೆ ಹಾಕಿದವನಿಗೆ ನಾಲ್ಕು ಸೀಸನ್ ಗಡುವು. ಗಡುವು ಮುಗಿಯುವ ವರ್ಷದ ನವೆಂಬರ್ ಒಳಗೆ ಅವನು 40ರ ಪಟ್ಟಿಗೆ ಸೇರದಿದ್ದರೆ, ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸುವ ದಿನ) ಬೇರೆ ಕ್ಲಬ್ 1,00,000 ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಆದರೆ ಎತ್ತಿಕೊಂಡವರು ಮುಂದಿನ ಸೀಸನ್ ಪೂರ್ತಿ ಅವನನ್ನು 26ರಲ್ಲೇ ಇಟ್ಟುಕೊಳ್ಳಬೇಕು. ಆಗದಿದ್ದರೆ ಮೊದಲು ವೇವರ್‌ಗೆ ಹಾಕಬೇಕು, ಅಂದರೆ ಬೇರೆ ಕ್ಲಬ್‌ಗಳಿಗೆ ಬೇಕಾ ಎಂದು ಕೇಳಬೇಕು. ಅಲ್ಲೂ ಯಾರೂ ಕೇಳದಿದ್ದರೆ 50,000 ಡಾಲರ್‌ಗೆ ಹಳೆಯ ಕ್ಲಬ್‌ಗೆ ವಾಪಸ್ ಕೊಡಲು ಮುಂದಾಗಬೇಕು. ಐಪಿಎಲ್ ರಿಟೆನ್ಷನ್ ನೋಡಿದವರಿಗೆ ಅರ್ಧ ಅರ್ಥವಾಗಿರುತ್ತದೆ. ಉಳಿದ ಅರ್ಧ ಆ 26ರ ಷರತ್ತು. ನನ್ನ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಶೀಟಿನಲ್ಲಿ ಈಗ ಎರಡು ಮುಖ್ಯ ಕಾಲಂ ಇವೆ. ಒಂದು, ಹುಡುಗ ಎಷ್ಟು ಒಳ್ಳೆಯವನು. ಇನ್ನೊಂದು, ಒಂದು ಇಡೀ ಸೀಸನ್ ಅವನನ್ನು ತಾಳಿಕೊಳ್ಳುವ ಕ್ಲಬ್ ಯಾವುದಾದರೂ ಇದೆಯಾ. ಹಳೆಯ ವರ್ಷಗಳನ್ನು ನೋಡುತ್ತಾ ಹೋದಷ್ಟೂ ಎರಡನೆಯದರ ತೂಕ ಜಾಸ್ತಿ ಮಾಡುತ್ತಿದ್ದೇನೆ. ಮೈನರ್ ಲೀಗ್‌ನ ಮೆಟ್ಟಿಲುಗಳು ಕೆಳಗಿನಿಂದ ಹೀಗಿವೆ: ರೂಕಿ, ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. 20 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎಷ್ಟೇ ಚುರುಕಾಗಿರಲಿ, ಎ ಮಟ್ಟದಿಂದ ನೇರವಾಗಿ ಮೇಜರ್ ಲೀಗ್ ಪಿಚಿಂಗ್ (ಬೌಲಿಂಗ್ ಇದ್ದಂತೆ) ಎದುರಿಸುವುದು ಕಷ್ಟ. ಗಂಟೆಗೆ 97 ಮೈಲಿ ಎಸೆಯುವ ಟ್ರಿಪಲ್-ಎ ರಿಲೀವರ್ (ಪಂದ್ಯದ ನಡುವೆ ಎಸೆಯಲು ಬರುವ ಪಿಚರ್) ಹಾಗಲ್ಲ. ಸೋಲು ಖಚಿತವಾದ ಪಂದ್ಯಗಳ ಕೊನೆಯ ಇನಿಂಗ್ಸ್‌ಗಳನ್ನು ಅವನಿಗೆ ಕೊಟ್ಟು ವರ್ಷ ದೂಡಬಹುದು. ಹಾಗಾಗಿ ಹೆಚ್ಚು ಪ್ರತಿಭೆಯ ಶಾರ್ಟ್‌ಸ್ಟಾಪ್‌ನನ್ನು ಬಿಟ್ಟು, ಸಾಧಾರಣ ರಿಲೀವರ್‌ನನ್ನು ಉಳಿಸಿಕೊಳ್ಳುವುದೇ ಎಷ್ಟೋ ಸಲ ಸರಿಯಾದ ನಿರ್ಧಾರ. ಇದನ್ನು ಒಪ್ಪದ ಅಭಿಮಾನಿಗಳು ಬಹಳ. ಪ್ರಾಸ್ಪೆಕ್ಟ್ (ಭರವಸೆಯ ಹುಡುಗರ) ರ‍್ಯಾಂಕಿಂಗ್ ಹಿಡಿದು ಕ್ಲಬ್‌ಗಳನ್ನು ಬೈಯುತ್ತಾರೆ. ಆ ರ‍್ಯಾಂಕಿಂಗ್ ಉತ್ತರ ಕೊಡುವ ಪ್ರಶ್ನೆಯೇ ಬೇರೆ.

ತಾಳಿಕೊಳ್ಳುವುದು ಅಂದರೆ ಏನು ಎನ್ನುವುದಕ್ಕೆ ಯೋಹಾನ್ ಸಾಂಟಾನಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1999ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಅವನನ್ನು 40ರ ಪಟ್ಟಿಗೆ ಸೇರಿಸಲಿಲ್ಲ. ಫ್ಲೋರಿಡಾ ಮಾರ್ಲಿನ್ಸ್ ಎತ್ತಿಕೊಂಡು ಮಿನೆಸೋಟ ಟ್ವಿನ್ಸ್‌ಗೆ ದಾಟಿಸಿತು. 2000ದಲ್ಲಿ ಅವನ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್, 6.49. ಗೆಲ್ಲಲು ಹೊರಟ ಯಾವ ತಂಡವೂ ಅಂಥ ಪಿಚರ್‌ನನ್ನು ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳುವುದಿಲ್ಲ. ಆ ವರ್ಷ 93 ಪಂದ್ಯ ಸೋತ ಟ್ವಿನ್ಸ್‌ಗೆ ಅದು ಸಾಧ್ಯವಿತ್ತು. 2004 ಮತ್ತು 2006ರಲ್ಲಿ ಅವನು ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಹೊಸ ಉದಾಹರಣೆ ಶೇನ್ ಸ್ಮಿತ್. ಕಾಲೇಜಿನಿಂದ ಬಂದ, ಹೊಸಬರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಪಿಚರ್. 2021ರಲ್ಲಿ ಮಿಲ್ವಾಕಿ ಬ್ರೂವರ್ಸ್ ಜೊತೆ ಸಹಿ ಹಾಕಿದ. ನಾಲ್ಕು ಸೀಸನ್ ಲೆಕ್ಕ ಹಾಕಿದರೆ ಗಡುವು 2024ರ ನವೆಂಬರ್‌ಗೆ ಬಂದು ನಿಲ್ಲುತ್ತದೆ. ಪಿಚರ್‌ಗಳಿಗೆ ಬರವಿಲ್ಲದ ಬ್ರೂವರ್ಸ್‌ನ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ 121 ಪಂದ್ಯ ಸೋತಿದ್ದ ಶಿಕಾಗೊ ವೈಟ್ ಸಾಕ್ಸ್ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಅವನನ್ನು ತೆಗೆದುಕೊಂಡಿತು, ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಮಾಡಿತು. 2025ರಲ್ಲಿ ಅವನು ಆಲ್-ಸ್ಟಾರ್, ಅಂದರೆ ಲೀಗ್‌ನ ಆಯ್ದ ಆಟಗಾರರಲ್ಲಿ ಒಬ್ಬ.

ಹಾಗಂತ ಚಿಕ್ಕ ಹುಡುಗರನ್ನು ಬಿಟ್ಟರೆ ಅಪಾಯವೇ ಇಲ್ಲ ಎಂದಲ್ಲ. 2017ರಲ್ಲಿ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ಒಂದೇ ಸಲಕ್ಕೆ ಮೂವರನ್ನು ಇಡೀ ವರ್ಷ ಇಟ್ಟುಕೊಂಡಿತು: ಲೂಯಿಸ್ ಟೊರೆನ್ಸ್, ಅಲೆನ್ ಕಾರ್ಡೊಬಾ, ಮಿಗೆಲ್ ಡಿಯಾಸ್. ಮೂವರೂ ಅದಕ್ಕೆ ಮೊದಲು ಡಬಲ್-ಎ ಮುಖ ಸಹ ನೋಡಿರಲಿಲ್ಲ. ಕಾರ್ಡೊಬಾ ಬಂದದ್ದು ರೂಕಿ ಲೀಗ್‌ನಿಂದ. ಟೊರೆನ್ಸ್ ಆ ವರ್ಷ ಹೊಡೆದದ್ದು .163, ಅಂದರೆ ನೂರು ಬ್ಯಾಟಿಂಗ್ ಅವಕಾಶಕ್ಕೆ ಸುಮಾರು 16 ಹಿಟ್. ಆದರೂ ಅವನು ಕ್ಯಾಚರ್ (ಕ್ರಿಕೆಟ್‌ನ ಕೀಪರ್ ಇದ್ದಂತೆ) ಆಗಿ ಬೆಳೆದು ಇಷ್ಟು ವರ್ಷ ಮೇಜರ್ ಲೀಗ್‌ನಲ್ಲಿ ಉಳಿದದ್ದು ನೋಡಿದರೆ ಸಂತೋಷವಾಗುತ್ತದೆ. ಇಂಥ ಕ್ಲಬ್ ಒಂದಿದ್ದರೆ ಸಾಕು, ನನ್ನ ಎರಡನೆಯ ಕಾಲಂ ಪೂರ್ತಿ ಬದಲಾಗಬೇಕು. ಅದಕ್ಕೇ ಈಗ ಪ್ರತಿ ನವೆಂಬರ್‌ಗೂ ಕೆಳಗಿನ ಏಳೆಂಟು ತಂಡಗಳ ಬುಲ್‌ಪೆನ್ (ರಿಲೀವರ್‌ಗಳ ಬಳಗ), ಬೆಂಚ್ ನೋಡಿ, ಎಷ್ಟು ಜಾಗ ಖಾಲಿ ಇದೆ ಎಂದು ಬೇರೆಯಾಗಿ ಗುರುತು ಹಾಕುತ್ತಿದ್ದೇನೆ.

ಮೊದಲ ಕಾಲಂ ಬಗ್ಗೆ ಸ್ವಲ್ಪ. ಸ್ಕೌಟ್‌ಗಳ (ಆಟಗಾರರನ್ನು ಕಣ್ಣಾರೆ ನೋಡಿ ಅಳೆಯುವವರ) 20ರಿಂದ 80ರ ಅಳತೆಯನ್ನೇ ಬಳಸುತ್ತೇನೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಅಂಕಿಗಳನ್ನು ಓದುವಾಗ ವಯಸ್ಸು ಮತ್ತು ಮೈದಾನ ಎರಡನ್ನೂ ನೋಡಲೇಬೇಕು. ಆಲ್ಬುಕರ್ಕಿ, ರೀನೊದಂಥ ಎತ್ತರದ ಊರುಗಳಲ್ಲಿ ಚೆಂಡು ಸುಮ್ನೆ ಹಾರುತ್ತದೆ. ಫ್ಲೋರಿಡಾ ಸ್ಟೇಟ್ ಲೀಗ್‌ನಲ್ಲಿ ಅದೇ ಹೊಡೆತ ಎಷ್ಟೋ ಸಲ ಕ್ಯಾಚ್ ಆಗುತ್ತದೆ.

ಅಂಕಿಗಳಿಗೂ ಕಾಣದ್ದು ಇರುತ್ತದೆ. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಾನೇ 10,000 ಡಾಲರ್ ಬೋನಸ್ ಕೊಟ್ಟಿದ್ದ ರಾಬರ್ಟೊ ಕ್ಲೆಮೆಂಟೆಯನ್ನು ತನ್ನ ಮೈನರ್ ಲೀಗ್ ತಂಡ ಮಾಂಟ್ರಿಯಲ್‌ಗೆ ಕಳಿಸಿತು. 4,000 ಡಾಲರ್‌ಗಿಂತ ಹೆಚ್ಚು ಬೋನಸ್ ಪಡೆದವನನ್ನು ಮೈನರ್ ಲೀಗ್‌ಗೆ ಕಳಿಸಿದರೆ ಸೀಸನ್ ಮುಗಿದ ಮೇಲೆ ಬೇರೆಯವರು ಎತ್ತಿಕೊಳ್ಳಬಹುದು ಎಂಬುದು ಅಂದಿನ ನಿಯಮ. ಅಲ್ಲಿ 87 ಪಂದ್ಯಗಳಲ್ಲಿ .257, ಎರಡೇ ಹೋಮ್ ರನ್. ಶೀಟಿನಲ್ಲಿ ಈ ಸಾಲು ಬಂದರೆ ಯಾರ ಕಣ್ಣೂ ನಿಲ್ಲುವುದಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಸ್ಕೌಟ್ ಕ್ಲೈಡ್ ಸುಕ್‌ಫೋರ್ತ್ ಹೋಗಿದ್ದು ಪಿಚರ್ ಜೋ ಬ್ಲ್ಯಾಕ್‌ನನ್ನು ನೋಡಲು. ಅಭ್ಯಾಸದಲ್ಲಿ ಆ ಹುಡುಗ ಔಟ್‌ಫೀಲ್ಡ್‌ನಿಂದ ಎಸೆದ ಚೆಂಡು ನೋಡಿ ಮನಸ್ಸು ಮಾಡಿದರು. ಕೊನೆಯ ಸ್ಥಾನದಲ್ಲಿದ್ದ ಪೈರೇಟ್ಸ್‌ಗೆ ಮೊದಲ ಆಯ್ಕೆ ಸಿಕ್ಕಿತು, 4,000 ಡಾಲರ್‌ಗೆ ಅವನು ಬಂದ. ಮುಂದೆ 3,000 ಹಿಟ್. ಹಾಗಾಗಿ ತೋಳು, ಓಟ, ಕೈಚಳಕದ ಸ್ಕೌಟ್ ವರದಿ ಸಿಕ್ಕಿದ ಕಡೆಯೆಲ್ಲ ಅದಕ್ಕೆ ಒಂದು ಬೇರೆ ಕಾಲಂ ಸೇರಿಸಿದ್ದೇನೆ.

ಅತಿ ಕಷ್ಟದ ನವೆಂಬರ್ 2020ರದು. ಕೋವಿಡ್‌ನಿಂದ ಮೈನರ್ ಲೀಗ್ ಸೀಸನ್ನೇ ನಡೆದಿರಲಿಲ್ಲ. ಗ್ಯಾರೆಟ್ ವಿಟ್‌ಲಾಕ್ 2019ರಲ್ಲಿ ಮೊಣಕೈಯ ಟಾಮಿ ಜಾನ್ ಸರ್ಜರಿ ಮಾಡಿಸಿಕೊಂಡಿದ್ದ. ಯಾಂಕೀಸ್ ಅವನನ್ನು ಬಿಟ್ಟಿತು. ಬದ್ಧ ವೈರಿ ಬಾಸ್ಟನ್ ರೆಡ್ ಸಾಕ್ಸ್ ಎತ್ತಿಕೊಂಡಿತು. 2021ರಲ್ಲಿ 73 ಇನಿಂಗ್ಸ್ ದಾಟಿ ಇಆರ್‌ಎ 1.96. ಅದೇ ಡ್ರಾಫ್ಟ್‌ನಲ್ಲಿ ಡೆಟ್ರಾಯಿಟ್‌ಗೆ ಹೋದ ಅಕೀಲ್ ಬಡೂ ಮೇಜರ್ ಲೀಗ್‌ನಲ್ಲಿ ಎದುರಿಸಿದ ಮೊದಲ ಚೆಂಡನ್ನೇ ಹೋಮ್ ರನ್ ಮಾಡಿದ. ಅವನೂ 2019ರಲ್ಲಿ 29 ಪಂದ್ಯ ಆಡಿ ಗಾಯಗೊಂಡವನು. ಸರ್ಜರಿ ಆದವರನ್ನು ಯಾರೂ ಎತ್ತುವುದಿಲ್ಲ ಎಂಬ ನಂಬಿಕೆಗೆ ಈಗ ನನ್ನ ಶೀಟಿನಲ್ಲಿ ಜಾಗವಿಲ್ಲ.

ಉಳಿಸಿಕೊಳ್ಳುವುದಕ್ಕೂ ಬೆಲೆ ಇದೆ. 16ಕ್ಕೆ ಸಹಿ ಹಾಕಿದ ಡೊಮಿನಿಕನ್ ಹುಡುಗನ ನಿರ್ಧಾರ 21ರ ಆಸುಪಾಸಿಗೆ ಬರುತ್ತದೆ. ಅವನು ಇನ್ನೂ ಹೈ-ಎಯಲ್ಲಿದ್ದರೆ, 40ಕ್ಕೆ ಸೇರಿಸಿದ ಮರುವರ್ಷದಿಂದಲೇ ಆಪ್ಷನ್ (40ರಲ್ಲಿದ್ದವನನ್ನು ಮೈನರ್ ಲೀಗ್‌ಗೆ ಕಳಿಸಬಹುದಾದ ವರ್ಷಗಳು) ಖರ್ಚಾಗಲು ಶುರು. ಸಾಮಾನ್ಯವಾಗಿ ಮೂರೇ ಇರುವುದು. ಅದೇ ಹೊತ್ತಿಗೆ, ವರ್ಲ್ಡ್ ಸೀರೀಸ್ ಮುಗಿಯುತ್ತಿದ್ದಂತೆ 60 ದಿನದ ಗಾಯಾಳು ಪಟ್ಟಿಯಲ್ಲಿದ್ದವರೆಲ್ಲ 40ಕ್ಕೆ ವಾಪಸ್ ಬಂದು ಜಾಗ ಕೇಳುತ್ತಾರೆ. ಆ ಹುಡುಗನಿಗೂ ಇದು ಸಣ್ಣ ವಿಷಯವಲ್ಲ. 2023ರಲ್ಲಿ ಟ್ರಿಪಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್, ಮೇಜರ್ ಲೀಗ್‌ನದು 7,20,000. ತನ್ನ ಕ್ಲಬ್‌ನಲ್ಲಿ ದಾರಿ ಮುಚ್ಚಿದವನಿಗೆ ಡಿಸೆಂಬರ್‌ನ ಆ ಒಂದು ದಿನ ಬೇರೆ ಬಾಗಿಲು ತೆರೆಯಬಹುದು. ಈ ನಿಯಮ ನನಗೆ ಇಷ್ಟವಾಗುವುದು ಅದಕ್ಕೇ.

ಮುಂದಿನ ಕೆಲಸ 2005 ಮತ್ತು 2006. ಡ್ಯಾನ್ ಅಗ್ಲಾ, ವಾಕಿಮ್ ಸೋರಿಯಾ, ಜಾಶ್ ಹ್ಯಾಮಿಲ್ಟನ್ ಕೈತಪ್ಪಿದ ವರ್ಷಗಳು. ಹ್ಯಾಮಿಲ್ಟನ್‌ನ ಸಾಲನ್ನು ಹೆಸರು ಅಳಿಸಿದರೂ ಗುರುತಿಸಿಬಿಡುತ್ತೇನೆ, ಅಷ್ಟು ವರ್ಷ ಆಟವಿಲ್ಲದ ಸಾಲು ಇನ್ನೊಂದಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಕಳಿಸು ಎಂದು ಗೆಳೆಯನಿಗೆ ಹೇಳಿದ್ದೇನೆ. ಕ್ಯಾಚರ್‌ಗಳಿಗೆ ಈ ಸಲ ಬೇರೆಯದೇ ತೂಕ ಇಟ್ಟು ನೋಡುತ್ತೇನೆ.